ಮೈಕಣ್ಣನ ಬಾಯಲ್ಲಿ ಉಲ್ಕಾವೀರ

ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಸಾರುವುದು ಮೈಕಣ್ಣನ ಉದ್ಯೋಗ. ಅಲ್ಲಿ ಅವನ ಮಾತೆಂದರೆ ಮಾತು. ‘ಹಿಂದೆ ಸರಿಯಿರಿ’ ಎಂದರೆ ಎಂಥೆಂಥ ಪೈಲ್ವಾನರೂ ಪೆಟ್ಟಿಗೆ ಸಮೇತ ಹಿಂದೆ ಸರಿಯುತ್ತಿದ್ದರು. ಮನೆಯಲ್ಲಿ ಮಾತ್ರ ಅವನು ‘ಆಚೆ ಸರಿ’ ಎಂದರೆ ಸೋಫಾದ ಮೇಲಿನ ಬೆಕ್ಕೂ ಸರಿಯುತ್ತಿರಲಿಲ್ಲ. ಅದರಲ್ಲೂ ಸಂಜೆ ಟಿವಿಯಲ್ಲಿ ‘ಉಲ್ಕಾವೀರ’ ಶುರುವಾಯಿತೆಂದರೆ, ಯಜಮಾನನೆಂಬ ಆ ಬಡಪ್ರಾಣಿ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ತನ್ನ ಕಾಫಿಯನ್ನು ತಾನೇ ಬಿಸಿ ಮಾಡಿಕೊಂಡು ಕುಡಿಯಬೇಕಿತ್ತು.

ಉಲ್ಕಾವೀರ ಯಾರು ಎಂದು ಮೈಕಣ್ಣನ ಅತ್ತೆಯನ್ನು ಮಾತ್ರ ಕೇಳಬೇಡಿ. ಕೇಳಿದಿರೋ, ಕೂರಿಸಿಕೊಂಡು ಮೊದಲ ಕಂತಿನಿಂದ ಹೇಳುತ್ತಾರೆ. ನಾನು ಚುಟುಕಾಗಿ ಹೇಳಿಬಿಡುತ್ತೇನೆ: ಹಗಲೆಲ್ಲ ಗಡಿಯಾರ ರಿಪೇರಿ ಮಾಡುವ ಬಡ ಹುಡುಗ, ಊರಿಗೆ ಆಪತ್ತು ಬಂದಾಗ ಮುಖವಾಡ ಕಟ್ಟಿಕೊಂಡು ಆಕಾಶಕ್ಕೆ ಹಾರುತ್ತಾನೆ. ಈ ಗುಟ್ಟು ಹೆತ್ತ ತಾಯಿಗೂ ಗೊತ್ತಿಲ್ಲ. ಅಷ್ಟೇ ಕಥೆ. ಅಷ್ಟಕ್ಕೇ ಅತ್ತೆ, ಅವರ ಮಗಳು ಅಂದರೆ ಮೈಕಣ್ಣನ ಹೆಂಡತಿ, ಇಬ್ಬರೂ ಕಂತಿಗೊಂದು ಕರವಸ್ತ್ರ ಒದ್ದೆ ಮಾಡುತ್ತಿದ್ದರು.

“ಬಿಗಿ ಚಡ್ಡಿ ಹಾಕ್ಕೊಂಡು ಹಾರೋನನ್ನ ನೋಡಿ ಅಳ್ತೀರಲ್ಲೇ!” ಎಂದು ಮೈಕಣ್ಣ ಅಡುಗೆಮನೆಯಿಂದಲೇ ಮೂಗು ಮುರಿಯುತ್ತಿದ್ದ.

“ನಿನ್ನ ಗಂಡನಿಗೆ ಹೇಳು, ಸುಮ್ನಿರೋದಕ್ಕೆ,” ಎನ್ನುತ್ತಿದ್ದರು ಅತ್ತೆ.

ಮದುವೆಯಾದಂದಿನಿಂದ ಅವರು ಅಳಿಯನ ಜೊತೆ ನೇರವಾಗಿ ಮಾತಾಡಿದವರೇ ಅಲ್ಲ. ಇಂಜಿನಿಯರ್ ಅಳಿಯ ಬೇಕೆಂದಿದ್ದವರಿಗೆ ಗಂಟಲಿನಿಂದ ಬದುಕುವವನು ಸಿಕ್ಕಿದನಲ್ಲ ಎಂಬ ಕೊರಗು. ಆದ್ದರಿಂದ ಸಕಲ ರಾಜತಾಂತ್ರಿಕ ವ್ಯವಹಾರವೂ ಮಗಳ ಮೂಲಕವೇ ನಡೆಯುತ್ತಿತ್ತು. (ಒಂದೇ ಸೋಫಾದ ಮೇಲೆ ಅಕ್ಕಪಕ್ಕ ಕೂತಿದ್ದರೂ ಅಷ್ಟೇ.)

ಹೀಗಿರುವಾಗ ಅತ್ತೆಯ ಒಂದು ಕಣ್ಣಿಗೆ ಆಪರೇಷನ್ ಆಯಿತು. ಆ ಕಣ್ಣು ಅಲುಗಬಾರದೆಂದು ಡಾಕ್ಟರು ಎರಡಕ್ಕೂ ಪಟ್ಟಿ ಕಟ್ಟಿ, “ಅಳೋದು ಮಾತ್ರ ಕೂಡದು, ಪಟ್ಟಿ ಒದ್ದೆಯಾಗಬಾರದು” ಎಂದು ಗದರಿಸಿ ಕಳಿಸಿದರು. ಅದೇ ವಾರ ಉಲ್ಕಾವೀರನ ನೂರನೆಯ ಕಂತು! ಅವನ ಮುಖವಾಡ ಕಳಚುತ್ತದೆ ಎಂದು ತಿಂಗಳಿನಿಂದ ಟಿವಿಯವರು ಡಂಗುರ ಹೊಡೆಯುತ್ತಿದ್ದರು. ಮಗಳು ಪಕ್ಕದಲ್ಲಿ ಕೂತು, ಪರದೆಯ ಮೇಲೆ ನಡೆಯುವುದನ್ನೆಲ್ಲ ಹೇಳುತ್ತಾ ಹೋಗುವುದೆಂದು ಏರ್ಪಾಡಾಯಿತು. ಆದರೆ ಅವತ್ತು ಬೆಳಿಗ್ಗೆ ಎದ್ದ ಮಗಳ ಬಾಯಿಂದ ಹೊರಟಿದ್ದು ಬರೀ ಗಾಳಿ. ನೆಗಡಿ ಗಂಟಲಿಗೆ ಇಳಿದು, ಸ್ವರವೇ ಕಟ್ಟಿಹೋಗಿತ್ತು.

“ಪಟ್ಟಿ ಬಿಚ್ಚಿದ ಮೇಲೆ ನೋಡಿದರಾಯಿತಪ್ಪ, ಎಲ್ಲಿಗೂ ಓಡಿಹೋಗಲ್ಲ,” ಎಂದ ಮೈಕಣ್ಣ.

ಅತ್ತೆ ಗೋಡೆಯತ್ತ ತಿರುಗಿ ಹೇಳಿದರು: “ಅಷ್ಟರಲ್ಲಿ ಬೀದಿಯೋರೆಲ್ಲ ಬಂದು ನನ್ನ ಕಿವಿಗೆ ಊದಿರ್ತಾರೆ. ತೊಂಬತ್ತೊಂಬತ್ತು ಕಂತು ಕಾದಿದ್ದು ಇದಕ್ಕೇನಾ? ಹೋಗ್ಲಿ ಬಿಡು. ನಂಗೇನೂ ಬೇಡ.”

ಆ ‘ಬೇಡ’ದಲ್ಲಿ ಧ್ವನಿ ಸಣ್ಣದಾಗಿ ನಡುಗಿತು. ಹೆಂಡತಿ ಗಂಡನ ತೋಳು ಹಿಡಿದು ಬಲವಾಗಿ ಚಿವುಟಿ, ಟಿವಿಯ ಕಡೆ ಬೆರಳು ತೋರಿಸಿದಳು. ಗಂಟಲಿಲ್ಲದಿದ್ದರೂ ಅವಳ ಅಪ್ಪಣೆಗೆ ಯಾವ ಕೊರತೆಯೂ ಇರಲಿಲ್ಲ.

ಸಂಜೆ ಮೈಕಣ್ಣ ಸೋಫಾದಲ್ಲಿ ವಿರಾಜಮಾನನಾದ. ಶೀರ್ಷಿಕೆ ಬಂತು. ಅವನು ಗಂಟಲು ಸರಿಮಾಡಿಕೊಂಡು ಶುರುಮಾಡಿದ.

“ದಯವಿಟ್ಟು ಗಮನಿಸಿ. ಖಳನಾಯಕನು ಎಡಗಡೆಯಿಂದ ಆಗಮಿಸುತ್ತಿದ್ದಾನೆ. ಅವನ ಜೊತೆಯಲ್ಲಿ ಮೂವರು ಸಹಾಯಕರಿದ್ದಾರೆ. ನಾಯಕನು ಇನ್ನೂ ಬಂದಿರುವುದಿಲ್ಲ.”

“ಅಯ್ಯೋ ನನ್ ಕರ್ಮವೇ!” ಅತ್ತೆ ಹಣೆ ಬಡಿದುಕೊಂಡರು. “ಇವನಿಗೆ ಹೇಳೇ, ಇದೇನು ಸ್ಟೇಷನ್ನಾ?”

ಹೇಳಬೇಕಾದವಳಿಗೆ ಬಾಯಿಲ್ಲ. ಗುಂಡು ಹಾರಿತು, ಕಟ್ಟಡ ಉರುಳಿತು. ಮೈಕಣ್ಣನ ಸ್ವರ ಒಂದಿಷ್ಟಾದರೂ ಏರಬೇಕಲ್ಲ, ಊಹೂಂ. ಪ್ರಳಯವನ್ನೂ ಪ್ಯಾಸೆಂಜರ್ ಗಾಡಿಯ ಹಾಗೆ ಸಾರುತ್ತಾ ಹೋದ. ಅತ್ತೆ ಮುಖ ಆಚೆ ತಿರುಗಿಸಿದರು.

ಅಷ್ಟರಲ್ಲಿ ಪರದೆಯ ಮೇಲೆ ನದಿ ಬಂತು, ನದಿಗೊಂದು ಸೇತುವೆ. ಖಳನಾಯಕ ಅದರ ನಡುಗಂಬವನ್ನು ಸಿಡಿಸಿಬಿಟ್ಟ. ದೂರದಲ್ಲಿ ರೈಲು ಕೂಗಿತು.

“ಅಯ್ಯಯ್ಯೋ, ಗಾಡಿ ಬರ್ತಿದೆ!” ಮೈಕಣ್ಣ ಎದ್ದು ನಿಂತ. “ಸಿಗ್ನಲ್ ಕೊಟ್ಟೋನು ಯಾವನು? ನಿಲ್ಸೋ, ನಿಲ್ಸೋ! ಅತ್ತೆ, ಗಾಡಿ ತುಂಬ ಜನ! ಕಿಟಕೀಲಿ... ಅದ್ಯಾರು, ಬಿಳಿ ಕೂದಲಿನೋರು, ಮಡಿಲಲ್ಲಿ ಚೀಲ ಇಟ್ಕೊಂಡಿದಾರೆ...”

“ಅವ್ನ ತಾಯಿ!” ಅತ್ತೆ ಚೀರಿದರು. “ಅದು ಅವ್ನ ತಾಯಿ ಕಣ್ರೀ! ಹೇಳಿ, ಮುಂದೆ ಹೇಳಿ!”

ಅತ್ತೆ ತನ್ನ ಜೊತೆಯೇ ಮಾತಾಡಿದರೆಂಬುದು ಮೈಕಣ್ಣನಿಗೆ ಹೊಳೆಯಲೇ ಇಲ್ಲ. ಅವನ ಕಣ್ಣೆಲ್ಲ ಟಿವಿಯಲ್ಲಿ ನೆಟ್ಟಿತ್ತು.

“ಬಂದ ಅತ್ತೆ, ಬಂದ! ಕಂಬ ಇದ್ದ ಜಾಗದಲ್ಲಿ ತಾನೇ ನಿಂತ. ಸೇತುವೆಗೆ ಹೆಗಲು ಕೊಟ್ಟಿದಾನೆ. ಕಾಲು ಕೆಸರಲ್ಲಿ ಇಳೀತಾ ಇದೆ. ಒಂದು ಡಬ್ಬಿ ದಾಟ್ತು... ಇನ್ನೊಂದು... ಮೊಣಕಾಲು ಬಾಗ್ತಾ ಇದೆ, ಆದ್ರೂ ಬಿಡ್ತಿಲ್ಲ. ತಡ್ಕೋ ಮಗನೇ, ತಡ್ಕೋ... ಕೊನೇಲಿ ಗಾರ್ಡಿನ ಡಬ್ಬೀನೂ ದಾಟ್ತು! ದಾಟ್ತು ಅತ್ತೆ!”

ಮೈಕಣ್ಣನ ಮೈ ಜುಮ್ಮೆಂದಿತು. ಇಷ್ಟು ವರ್ಷ ಗಾಡಿಗಳನ್ನು ಸಾರಿದ್ದಾನೆ, ಒಂದು ಗಾಡಿ ಕ್ಷೇಮವಾಗಿ ದಾಟುವುದು ಇಷ್ಟು ದೊಡ್ಡ ಸಂಗತಿ ಎಂದು ಅವನಿಗೆ ಯಾವತ್ತೂ ಅನಿಸಿರಲಿಲ್ಲ.

ಆಮೇಲೆ ಟಿವಿ ಮೂಕವಾಯಿತು. ಮಾತಿಲ್ಲ, ಸಂಗೀತವಿಲ್ಲ, ನೀರಿನ ಸದ್ದೂ ಇಲ್ಲ. ನೂರನೆಯ ಕಂತೆಂದು ಆ ಪುಣ್ಯಾತ್ಮರು ಈ ದೃಶ್ಯವನ್ನು ಸದ್ದೇ ಇಲ್ಲದೆ ತೆಗೆದಿದ್ದರು.

“ಕರೆಂಟ್ ಹೋಯ್ತಾ?” ಅತ್ತೆ ಗಾಳಿಯಲ್ಲಿ ಕೈಯಾಡಿಸಿದರು. “ರೀ, ಏನಾಯ್ತು?”

“ಅವ್ನು ದಡದ ಮೇಲೆ ಬಿದ್ದಿದಾನೆ. ಮುಖವಾಡ ಹರಿದುಹೋಗಿದೆ. ತಾಯಿ ಗಾಡಿಯಿಂದ ಇಳಿದು ಬಂದ್ರು. ನೋಡ್ತಾ ಇದಾರೆ...”

ಅಲ್ಲಿಗೆ ಮೈಕಣ್ಣನ ಸ್ವರ ನಿಂತಿತು. ಹೆಂಡತಿ ಬೆನ್ನಿಗೆ ಗುದ್ದಿದಳು. ಅತ್ತೆ ಅವನ ಅಂಗಿ ಹಿಡಿದು ಎಳೆದರು.

“ಬೈದಳಾ? ಅತ್ತಳಾ? ಹೇಳ್ರೀ, ನನ್ನ ಜೀವ ಹೋಗ್ತಿದೆ!”

“ಅತ್ತೆ... ಅವರಿಗೆ ಗೊತ್ತಿತ್ತು. ಮೊದಲಿಂದ್ಲೂ ಗೊತ್ತಿತ್ತು.” ಮೈಕಿಲ್ಲದ, ಮೆರುಗಿಲ್ಲದ, ಬರೀ ಮನುಷ್ಯನ ಸ್ವರ ಅದು. “ಚೀಲದಿಂದ ಇನ್ನೊಂದು ಮುಖವಾಡ ತೆಗೆದ್ರು. ತಾವೇ ಹೊಲಿದಿಟ್ಟಿದ್ದು. ಜನ ಓಡಿಬರ್ತಾ ಇದಾರೆ. ಯಾರಿಗೂ ಮಗನ ಮುಖ ಕಾಣಬಾರದು ಅಂತ... ಬೇಗ ಬೇಗ ಕಟ್ತಾ ಇದಾರೆ. ಕಟ್ಟಿ, ಕೆನ್ನೆ ಮುಟ್ಟಿ... ಏನೂ ಗೊತ್ತಿಲ್ಲದೋರ ಹಾಗೆ ಎದ್ದು ಹೋಗಿ ಜನದ ಮಧ್ಯೆ ನಿಂತುಬಿಟ್ರು.”

ಆಮೇಲೆ ಮೂವರೂ ಒಟ್ಟಿಗೇ ಅತ್ತರು. ಡಾಕ್ಟರ ಎಚ್ಚರಿಕೆ ನೆನಪಾಗುವ ಹೊತ್ತಿಗೆ ಪಟ್ಟಿ ಹಿಂಡುವ ಹಾಗಾಗಿತ್ತು.

ಮರುದಿನ ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಪಟ್ಟಿ ಕಟ್ಟಿಕೊಂಡವರದೇ ಸಾಲು. ಒಬ್ಬ ಮುದುಕರು ನಿಟ್ಟುಸಿರು ಬಿಟ್ಟು, “ನಿನ್ನೆ ಉಲ್ಕಾವೀರ ಏನಾದನೋ, ನಮಗೆ ಹೇಳೋರೇ ಇಲ್ಲ” ಎಂದರು.

“ನಮ್ಮ ಅಳಿಯಂದಿರನ್ನ ಕೇಳಿ!” ಎಂದರು ಅತ್ತೆ, ಕತ್ತು ನೀಳ ಮಾಡಿ. “ಅವರು ಹೇಳಿದ್ರೆ ಕಣ್ಣಿಗೆ ಕಟ್ಟಿದ ಹಾಗಿರತ್ತೆ.”

ನಮ್ಮ ಅಳಿಯಂದಿರು! ಮೈಕಣ್ಣ ಅಲ್ಲೇ ಒಂದು ಗೇಣು ಬೆಳೆದ. ಎದ್ದು ನಿಂತು, ನದಿ, ಸೇತುವೆ, ಗಾಡಿ ಎಲ್ಲವನ್ನೂ ಎಂಥ ಬಣ್ಣ ಕಟ್ಟಿ ಹೇಳಿದನೆಂದರೆ ಚೀಟಿ ಕೊಡುವ ನರ್ಸಮ್ಮ ಹೆಸರು ಕೂಗುವುದನ್ನೇ ಮರೆತಳು. ಬೆಂಚಿನ ಮೇಲೆ ಒಂದೊಂದೇ ಪಟ್ಟಿ ತೋಯತೊಡಗಿತು. ತಾಯಿ ದಡಕ್ಕೆ ಇಳಿದು ಬರುವಷ್ಟರಲ್ಲಿ ಹೇಳುವವನ ಕಣ್ಣೂ ಕೋಡಿ ಹರಿಯಿತು, ಕಥೆ ಅಲ್ಲಿಗೇ ನಿಂತಿತು. ಆಗಲೇ ಡಾಕ್ಟರು ಬಾಗಿಲು ತೆರೆದರು.

“ಏನ್ರೀ ಇದು! ಎಲ್ಲರ ಪಟ್ಟೀನೂ ಒದ್ದೆ! ಯಾರ ಕೆಲಸ ಇದು?”

ಪಟ್ಟಿ ಕಟ್ಟಿದ ಅಷ್ಟೂ ತಲೆಗಳು ಬಿಕ್ಕುತ್ತಿದ್ದ ಮೈಕಣ್ಣನ ಕಡೆ ಕರಾರುವಾಕ್ಕಾಗಿ ತಿರುಗಿದವು.

“ನೀವಾ? ಮೊದಲು ಹೊರಗೆ ನಡೀರಿ. ಇನ್ನು ಈ ಮೆಟ್ಟಿಲು ಹತ್ತಿದರೆ ನೋಡಿ!”

ಮೈಕಣ್ಣ ತಲೆ ತಗ್ಗಿಸಿಕೊಂಡು ಬಾಗಿಲವರೆಗೆ ಹೋದ.

“ಒಂದ್ನಿಮಿಷ,” ಎಂದರು ಡಾಕ್ಟರು, ದನಿ ತಗ್ಗಿಸಿ. “ನಿನ್ನೆ ಸಂಜೆ ನಾನು ಆಪರೇಷನ್ ಮಾಡ್ತಾ ಇದ್ದೆ. ತಾಯಿ ದಡಕ್ಕೆ ಬಂದ್ರು, ಸರಿ. ಆಮೇಲೆ?”

ಮೈಕಣ್ಣ ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ. ನಿಲ್ದಾಣವನ್ನೇ ನಡುಗಿಸುವ ಆ ಗಂಟಲಿನಿಂದ ಒಂದು ಅಕ್ಷರವೂ ಹೊರಡಲಿಲ್ಲ.

“ಅವರ ಕೈಲಿ ಆಗಲ್ಲ ಡಾಕ್ಟ್ರೇ,” ಎಂದರು ಅತ್ತೆ, ಒದ್ದೆ ಪಟ್ಟಿಯನ್ನು ಸರಿಮಾಡಿಕೊಳ್ಳುತ್ತಾ. “ಕೂತ್ಕೊಳ್ಳಿ, ನಾನು ಹೇಳ್ತೀನಿ. ನಾನು ಕಣ್ಣಾರೆ ನೋಡಿದೀನಿ.”