ನೀರ ಮೇಲಿನ ಮನೆಗೆ ಅರ್ಧ ಬೆಲೆ

"ಕಂಬುಲೋ, ನಾವಿಬ್ರೂ ತಲಾಕ್ ತಗೊಂಡ್ಬಿಡೋಣ."

ರೆಸಾರ್ಟಿನವರು ನೀರಿನ ಮೇಲೆ ಕಟ್ಟಿದ ಆ ಮನೆಗಳಲ್ಲಿ ನಮ್ಮಂಥವರೂ ಹೋಗಿ ಮಲಗಬಹುದು ಎಂದು ನಾನು ಮೊದಲು ಕೇಳಿದ ದಿನ ಮಾತು ಶುರುವಾದದ್ದು ಹೀಗೆ. ನಾನು ಅಂಗಳದಲ್ಲಿ ಕೂತು ತೆಂಗಿನಕಾಯಿ ತುರಿಯುತ್ತಿದ್ದೆ. ಕಂಬುಲೋ ಎಂದರೆ ನಮ್ಮ ಮಾತಿನಲ್ಲಿ ಮುದ್ದಿನವಳೇ ಎಂದು; ಆದರೂ ಕೈ ನಿಲ್ಲಿಸಲಿಲ್ಲ. ನಮ್ಮವರು ಆದಂ ಮಣಿಕು, ಕಡಲ ದಂಡೆಯ ಕಟ್ಟೆಯಲ್ಲಿ ಗಂಡಸರ ಹರಟೆ ಮುಗಿಸಿ ಬಂದರೆಂದರೆ ತಲೆಯಲ್ಲಿ ಏನಾದರೊಂದು ಹೊತ್ತು ತರುವವರೇ.

ನಾನು: ತಗೊಳ್ಳೋಣ. ಊಟ ಮೊದಲೋ, ತಲಾಕ್ ಮೊದಲೋ?

ಅವರು: ತಮಾಷೆ ಅಲ್ಲ ಕಣೆ. ಆಚೆ ದ್ವೀಪದ ರೆಸಾರ್ಟಿನವರು ಹೊಸದಾಗಿ ಮದುವೆ ಆದೋರಿಗೆ ಅರ್ಧ ಬೆಲೆಗೆ ಮನೆ ಕೊಡ್ತಾರಂತೆ. ನೀರ ಮೇಲಿಂದು. ಎರಡು ರಾತ್ರಿ, ತಿಂಡಿ ಸೇರಿ. ಕರ್ಕೊಂಡು ಹೋಗೋ ದೋಣೀನೂ ಅವರದೇ.

ನಾನು: ನಾವು ಹೊಸಬರಾ? ಕನ್ನಡಿ ನೋಡ್ಕೊಂಡ್ರಾ?

ಅವರು: ಅದಕ್ಕೇ ಹೇಳ್ತಿರೋದು. ಕೋರ್ಟಲ್ಲಿ ಬಿಡೋದು, ಮೂರು ತಿಂಗಳು ಕಾಯೋದು, ಮತ್ತೆ ಮದುವೆ ಆಗೋದು. ಹೊಸಾ ಸರ್ಟಿಫಿಕೇಟು ಬರುತ್ತೆ. ಅವರು ತಾರೀಖು ನೋಡ್ತಾರೆ, ಮುಖ ನೋಡಲ್ಲ.

ನಮ್ಮ ದ್ವೀಪಗಳಲ್ಲಿ ಗಂಡಹೆಂಡತಿ ಬಿಟ್ಟು ಮತ್ತೆ ಕಟ್ಟಿಕೊಳ್ಳುವುದು ಚಾವಣಿಯ ಗರಿ ಬದಲಿಸಿದಷ್ಟೇ ಸಾಮಾನ್ಯ. ಆದ್ದರಿಂದ ನನಗೆ ಸಿಟ್ಟು ಬರಲಿಲ್ಲ. ಆದರೆ ಅಷ್ಟು ಅಗ್ಗಕ್ಕೆ ಬಿಟ್ಟುಕೊಡುವ ಮನಸ್ಸೂ ಇರಲಿಲ್ಲ.

ನಾನು: ಆ ಮೂರು ತಿಂಗಳು ನಿಮಗೆ ಮೀನಿನ ಸಾರು ಯಾರು ಕಾಯಿಸ್ತಾರೆ?

ಅವರು: ನೀನೇ. ನೆರೆಯವಳ ಥರ ಒಂದು ಬಟ್ಟಲು ಕಳಿಸಿದ್ರಾಯ್ತು.

ನಾನು: ನೆರೆಯವಳು ನಿಮಗ್ಯಾಕೆ ಕಳಿಸ್ತಾಳೆ? ಅವಳು ಯಾವತ್ತಾದ್ರೂ ಕಳಿಸಿದ್ದುಂಟಾ?

ಅವರು: ಕಂಬುಲೋ, ಅರ್ಧ ಬೆಲೆ.

ನಾನು: ಸರಿ. ಇದು ಎಷ್ಟನೇ ತಲಾಕ್ ಅಂತ ಜ್ಞಾಪಕ ಇದೆಯಾ?

ಅವರು: ಎರಡನೇದು.

ನಾನು: ಮೂರನೇದು.

ಅವರು ನಕ್ಕುಬಿಟ್ಟರು. ಮೂರನೆಯದಾದರೆ ಮತ್ತೆ ಮದುವೆಯಾಗುವ ದಾರಿ ಮುಚ್ಚಿತೆಂದೇ ಲೆಕ್ಕ. ಹೆಂಗಸು ಬೇರೊಬ್ಬನನ್ನು ಮದುವೆಯಾಗಿ, ಅವನ ಜತೆ ಬಾಳಿ, ಆ ಮದುವೆಯೂ ಮುಗಿದರೆ ಮಾತ್ರ ಹಳೆಯ ಗಂಡನಿಗೆ ಸರದಿ. ಇದು ಅವರಿಗೂ ಗೊತ್ತು.

ಅವರು: ಒಂದೇ ಸಲ ಆಗಿದ್ದು. ನಾನು ಹಿಡಿದ ಸೂರೆಮೀನೆಲ್ಲಾ ಅಕ್ಕನಿಗೆ ಕೊಟ್ಟೆ ಅಂತ ನೀನು ರಂಪ ಮಾಡಿದಾಗ.

ನಾನು: ಅದು ಮೊದಲನೇದು. ಎರಡನೇದಕ್ಕೆ ಕಾರಣ ರೊಟ್ಟಿ. ನಿನ್ನ ರೊಟ್ಟೀಲಿ ದೋಣಿ ತೂತು ಮುಚ್ಚಬಹುದು ಅಂದ್ರಿ. ನಿಮ್ಮಮ್ಮ ಕಲಿಸಿದ್ದೇ ಹಾಗೆ ಅಂದೆ ನಾನು. ಬಾಗಿಲಲ್ಲಿ ನಿಂತು, ಒಂದು ಕಾಲಿಗೆ ಚಪ್ಪಲಿ ಹಾಕ್ಕೊಂಡು ತಲಾಕ್ ಹೇಳಿದ್ರಿ.

ಅವರು: ಏನೂ ಹೇಳ್ಲಿಲ್ಲ. ಸುಮ್ನೆ ಅಮ್ಮನ ಮನೆಗೆ ಹೋದೆ.

ನಾನು: ಐದು ತಿಂಗಳು?

ಅವರು: ಅಮ್ಮನ ಮನೆ ಚಾವಣಿ ಸೋರ್ತಿತ್ತು.

ನಾನು: ಹಾಗಾದ್ರೆ ಈ ದೀವಿಹಲಸಿನ ಮರ ನನಗೆ ಯಾಕೆ ಬರೆದುಕೊಟ್ರಿ?

ನಮ್ಮಲ್ಲಿ ಮದುವೆಗೆ ತನಗೇನು ಬೇಕೆಂದು ಹೆಣ್ಣೇ ಹೆಸರಿಸಬೇಕು. ಮೊದಲ ಮದುವೆಗೆ ನಾನು ಕೇಳಿದ್ದು ಬಳೆ. ಎರಡನೆಯದಕ್ಕೆ ಹೊಲಿಗೆ ಯಂತ್ರ. ಮೂರನೆಯದಕ್ಕೆ ಈ ಮರ. ಅವರು ಮರವನ್ನು ಬುಡದಿಂದ ತುದಿಯವರೆಗೆ ನೋಡಿದರು. ನಗು ಇಳಿದುಹೋಯಿತು. ಮೆಲ್ಲನೆ ಹೊಸ್ತಿಲ ಮೇಲೆ ಕೂತರು.

ಅವರು: ನಾಳೆ ಬೆಳಿಗ್ಗೆ ಕೋರ್ಟಿಗೆ ಹೋಗೋನಿದ್ದೆ.

ನಾನು: ಹೋಗಿ. ನನಗೇನು, ಉಸ್ಮಾನ್ ಕಲೇಫಾನು ಇದ್ದಾನೆ. ಒಂಟಿ ಮನುಷ್ಯ. ರೊಟ್ಟಿ ತಾನೇ ತಟ್ಕೋತಾನಂತೆ.

ಅವರು: ಅವನು ನಿದ್ದೇಲಿ ಬೈತಾನೆ.

ನಾನು: ನಿಮಗೆ ಹೇಗೆ ಗೊತ್ತು?

ಅವರು: ಅವನ ಜೊತೆ ದೋಣೀಲಿ ಎಷ್ಟು ವರ್ಷ ಮಲಗಿಲ್ಲ ನಾನು?

ದೋಣಿ ಎಂದಕೂಡಲೇ ಅವರ ಕಣ್ಣು ಕಡಲ ಕಡೆ ಹೊರಳಿತು. ಎದೆ ಸರಿಯಿಲ್ಲ, ಇನ್ನು ಮೀನಿಗೆ ಹೋಗಕೂಡದು ಎಂದು ಡಾಕ್ಟರು ಹೇಳಿ, ದೋಣಿ ಅಕ್ಕನ ಮಗನ ಪಾಲಾಗಿ ಆಗಲೇ ಒಂದು ಮಳೆಗಾಲ ಕಳೆದಿತ್ತು.

ನಾನು: ಅಷ್ಟಕ್ಕೂ ಅಲ್ಲೇನಿದೆ ಅಂತ? ಸುತ್ತ ನೀರು. ಇಲ್ಲೂ ಸುತ್ತ ನೀರೇ.

ಅವರು: ಸುತ್ತ ಇದೆ, ಕೆಳಗಿಲ್ಲ. ಬೆನ್ನ ಕೆಳಗೆ ನೀರಿನ ಸದ್ದಿಲ್ದೆ ನನಗೆ ನಿದ್ದೆ ಹತ್ತಲ್ಲ ಕಂಬುಲೋ. ದೋಣಿ ಬಿಟ್ಟಾಗಿಂದ ಒಂದು ದಿನಾನೂ ಸರಿಯಾಗಿ ಮಲಗಿಲ್ಲ. ನೀನು ಪಕ್ಕದಲ್ಲಿ ಗೊರಕೆ ಹೊಡೀತಿರ್ತೀಯ, ನಾನು ಎಣಿಸ್ತಿರ್ತೀನಿ.

ನಾನು ಗೊರಕೆ ಹೊಡೆಯುವುದಿಲ್ಲ. ಅದನ್ನು ಆಮೇಲೆ ಮಾತಾಡಿದರಾಯಿತೆಂದು ಅವರ ಮೊಬೈಲು ತಂದು ಅವರ ಕೈಗಿಟ್ಟೆ. ರೆಸಾರ್ಟಿನ ಬುಕಿಂಗಿನವರಿಗೆ ಫೋನು ಹಚ್ಚಿಕೊಡಿ ಎಂದೆ. ಎತ್ತಿದವಳು ನಮ್ಮ ಕಡೆಯ ಹುಡುಗಿಯೇ.

ನಾನು: ಹಳೇ ಗಂಡಹೆಂಡತಿಗೆ ಏನೂ ಅಗ್ಗ ಇಲ್ವೇನಮ್ಮಾ?

ಹುಡುಗಿ: ಇದೆ. ಮದುವೆ ಆದ ತಿಂಗಳಲ್ಲೇ ಬಂದ್ರೆ ಅವರಿಗೂ ಅರ್ಧ ಬೆಲೆ. ನಿಮ್ಮ ಮದುವೆ ಯಾವ ತಿಂಗಳು?

ನಾನು: ಯಾವ ಮದುವೆದು?

ಹುಡುಗಿ: ಎಷ್ಟಿವೆ?

ನಾನು: ಮೂರು.

ಹುಡುಗಿ: ಗಂಡಂದಿರು?

ನಾನು: ಇವರೊಬ್ಬರೇ. ಇವರೇ ಸಾಕಾಗಿದ್ದಾರೆ.

ಹುಡುಗಿ: ನಮ್ಮಜ್ಜೀದೂ ಹೀಗೇ. ಆ ಮೂರರಲ್ಲಿ ಮಳೆಗಾಲದ್ದು ಯಾವುದಾದ್ರೂ ಇದೆಯಾ? ಆಗ ಬೆಲೆ ಇನ್ನೂ ಇಳಿಯುತ್ತೆ.

ನಾನು: ರೊಟ್ಟಿ ಜಗಳ ಆದ್ಮೇಲಿನದು ಮಳೆಗಾಲದ್ದೇ.

ಅವರು (ಪಕ್ಕದಿಂದ): ನೋಡಿದ್ಯಾ, ಆ ತಲಾಕ್ ಈಗ ಕೆಲಸಕ್ಕೆ ಬಂತು.

ನಾನು: ಆಗಿದ್ದೇ ಇಲ್ಲ ಅಂದ್ರಲ್ಲ ಈಗಷ್ಟೇ?

ಅವರು: ಅರ್ಧ ಬೆಲೆ ಅಂದ್ರೆ ಆಗಿದೆ.

ಹೋದೆವು. ಹಾಸಿಗೆಯ ಮೇಲೆ ಹೂವಿನಲ್ಲಿ ಏನೋ ಬರೆದಿದ್ದರು. ನೆಲದಲ್ಲಿ ಕಿಟಕಿಯಷ್ಟು ಗಾಜು, ಅದರಡಿ ಮೀನು. ಹೊರಗೆ ಜಡಿಮಳೆ. ನಮ್ಮವರು ಮಂಚದ ಕಡೆ ತಿರುಗಿಯೂ ನೋಡದೆ ಗಾಜಿನ ಪಕ್ಕ ಹಲಗೆಯ ಮೇಲೆ ಅಂಗಾತ ಮಲಗಿಬಿಟ್ಟರು.

ನಾನು: ಮೇಲೆ ಬನ್ರೀ. ಮಂಚಕ್ಕೂ ಸೇರಿಸಿ ದುಡ್ಡು ಕೊಟ್ಟಿದ್ದೀವಿ.

ಅವರು: ಮಂಚ ನೀನು ಬಳಸು, ನೆಲ ನಾನು ಬಳಸ್ತೀನಿ. ಕೊಟ್ಟಿದ್ದೆಲ್ಲಾ ವಸೂಲು.

ನಾನು: ಕೆಳಗೆ ಅಷ್ಟು ದೊಡ್ಡ ಮೀನು ತಿರುಗ್ತಿದೆ, ಹಿಡೀಬೇಕು ಅನ್ನಿಸಲ್ವಾ?

ಬಗ್ಗಿ ನೋಡಿದರೆ ಬಾಯಿ ತೆರೆದು ನಿದ್ದೆ. ಮಧ್ಯಾಹ್ನ ಮಲಗಿದವರು ಸಂಜೆಯ ಪ್ರಾರ್ಥನೆಗೆ ನಾನು ಅಲುಗಾಡಿಸಿ ಎಬ್ಬಿಸುವವರೆಗೂ ಏಳಲಿಲ್ಲ. ಎರಡು ದಿನವೂ ಅದೇ ಕೆಲಸ. ಹೂವಿನ ಹಾಸಿಗೆಯಲ್ಲಿ ನಾನೊಬ್ಬಳೇ ರಾಣಿಯ ಹಾಗೆ ಉರುಳಾಡಿದೆ.

ಮರುವರ್ಷ ಗಾಳಿ ತಿರುಗುವ ಹೊತ್ತಿಗೆ ಅವರಿಗೆ ಎದ್ದು ಕೂರುವುದೂ ಕಷ್ಟವಾಯಿತು. ಒಂದು ಬೆಳಿಗ್ಗೆ ಚಮಚದಲ್ಲಿ ಸಾರು ಕುಡಿಸುತ್ತಿದ್ದೆ. ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದರು.

ಅವರು: ಕಂಬುಲೋ, ನಾನು ಹೊರಟ ಹಾಗಿದೆ.

ನಾನು: ಎಲ್ಲಿಗೆ? ಅಮ್ಮನ ಮನೆಗಾ?

ಅವರು: ಹೂಂ. ಆದ್ರೆ ಈ ಸಲ ನಾನು ಬಾಯಲ್ಲಿ ಏನೂ ಹೇಳಿಲ್ಲ, ನೋಡ್ಕೋ. ಇದನ್ನ ಮೂರನೇದು ಅಂತ ಎಣಿಸಬೇಡ. ಎಣಿಸಲ್ಲ ತಾನೇ?