ಕನ್ನಡಕದ ಜೇಬು

ಕ್ಲಬ್ಬಿನ ಕಾರ್ಯದರ್ಶಿ ಕಳಿಸಿದ ಚೀಟಿಯಲ್ಲಿ ಇದ್ದದ್ದು ಮೂರೇ ಸಾಲು. 'ಸಮವಸ್ತ್ರದ ವಿಚಾರವಾಗಿ ನಿಮ್ಮಲ್ಲಿ ಮಾತಾಡುವುದಿದೆ. ಭಾನುವಾರ ಮಧ್ಯಾಹ್ನ ನಮ್ಮ ವಾರ್ಷಿಕ ಊಟಕ್ಕೆ ಬನ್ನಿ. ಕೋಟು ಕಡ್ಡಾಯ.' ಟೈಲರನ ನಿದ್ದೆ ಕೆಡಿಸಿದ್ದು ಮೊದಲನೆಯ ಸಾಲು, ಮಾನ ಕಳೆದದ್ದು ಮೂರನೆಯದು.

ಮೊದಲನೆಯ ಸಾಲು ಓದಿದವನೇ ಬೆರಳು ಮಡಚುತ್ತ ಕೂತುಬಿಟ್ಟ. ಬಡಿಸುವವರು, ಅಡುಗೆಯವರು, ಗುಡಿಸುವವರು, ತೋಟ ನೋಡುವವರು, ಬಾಗಿಲು ಕಾಯುವವರು, ಎಲ್ಲ ಸೇರಿ ನಲವತ್ತು ಜನ. ತಲಾ ಎರಡು ಜೊತೆ ಎಂದರೂ ಆರು ತಿಂಗಳ ಕೆಲಸ. ಎದುರುಗಡೆ ರೆಡಿಮೇಡ್ ಅಂಗಡಿ ಬಂದು ಗಾಜಿನ ಹಿಂದೆ ಗೊಂಬೆ ನಿಲ್ಲಿಸಿದಾಗಿನಿಂದ ಅವನ ಅಂಗಡಿಗೆ ಬರುತ್ತಿದ್ದದ್ದು ಬರೀ ಜಿಪ್ಪು ಕೆಟ್ಟ ಪ್ಯಾಂಟುಗಳು. ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಭಾಮೈದ ಮನೆಗೆ ಬಂದಾಗಲೆಲ್ಲ ಅದೇ ರಾಗ ತೆಗೆಯುತ್ತಿದ್ದ. "ಭಾವ, ಈ ಹೊಲಿಗೆ ಸಾಕು, ನಮ್ಮಲ್ಲಿಗೆ ಬಂದ್ಬಿಡಿ. ಬಾಗಿಲ ಹತ್ರ ಒಂದು ಸ್ಟೂಲ್ ಹಾಕಿಸ್ತೀನಿ. ಹೋಗೋರ ಚೀಲ ನೋಡ್ಕೊಂಡು ಕೂತಿದ್ರೆ ಆಯ್ತು."

ಟೈಲರ್ ನಕ್ಕು ಮಾತು ತಿರುಗಿಸುತ್ತಿದ್ದ. ಇಪ್ಪತ್ತೆರಡು ವರ್ಷ ಊರಿನ ದೊಡ್ಡವರೆಲ್ಲ ಅವನ ಮುಂದೆ ಕೈ ಎತ್ತಿ ನಿಂತಿದ್ದಾರೆ, ಅವನು ಹೇಳಿದಾಗ ಉಸಿರು ಬಿಗಿ ಹಿಡಿದಿದ್ದಾರೆ. ಈಗ ಭಾಮೈದನ ಬಾಗಿಲಲ್ಲಿ ಕೂತು ಮೊಳೆ ಕದ್ದವರನ್ನು ಹಿಡಿಯುವುದೇ? ಆ ಸ್ಟೂಲಿನಿಂದ ತಪ್ಪಿಸಿಕೊಳ್ಳಲು ಅವನಿಗೆ ಉಳಿದಿದ್ದ ದಾರಿ ಈ ಸಮವಸ್ತ್ರ ಒಂದೇ.

ಕ್ಲಬ್ಬಿನವರಿಗೆ ಅವನೇನೂ ಹೊಸಬನಲ್ಲ. ಅಲ್ಲಿ ಕೊಡುವ ವಿಸ್ಕಿಗೆ ಬೆಲೆ ಜಾಸ್ತಿ, ಅದರಲ್ಲಿ ನೀರು ಇನ್ನೂ ಜಾಸ್ತಿ. ಹೊರಗಿನಿಂದ ಪಾನೀಯ ತರಬಾರದೆಂದು ಬಾಗಿಲಲ್ಲಿ ಆಳೆತ್ತರದ ಬೋರ್ಡು ಬೇರೆ. ಹನ್ನೆರಡು ವರ್ಷದ ಹಿಂದೆ ಹಲ್ಲಿನ ಡಾಕ್ಟರು ಕೋಟು ಹೊಲಿಸಲು ಬಂದವರು ಅತ್ತಿತ್ತ ನೋಡಿ, "ಎಡಗಡೆ ಒಳಗೆ ಕನ್ನಡಕಕ್ಕೊಂದು ಜೇಬು ಇಡಿ ಮಾಸ್ಟ್ರೆ. ನನ್ನ ಕನ್ನಡಕ ಸ್ವಲ್ಪ ಉದ್ದ, ಚಪ್ಪಟೆ. ಅಲುಗಾಡಿದ್ರೆ ಸದ್ದಾಗ್ಬಾರದು" ಎಂದಿದ್ದರು. ಡಾಕ್ಟರು ಕನ್ನಡಕ ಹಾಕುವವರಲ್ಲ. ಟೈಲರನಿಗೆ ಅರ್ಥವಾಯಿತು. ಎರಡು ಪದರ ಮೆತ್ತನೆಯ ಫ್ಲಾನೆಲ್ ಬಟ್ಟೆ ಇಟ್ಟು, ಮೇಲೊಂದು ಮುಚ್ಚಳ ಹೊಲಿದು, ಹೊರಗಿನಿಂದ ನೋಡಿದರೆ ಕಟ್ಟಿಕೊಂಡ ಹೆಂಡತಿಗೂ ಗೊತ್ತಾಗದಂತೆ ಜೇಬು ಮಾಡಿಕೊಟ್ಟ. ಆ ವರ್ಷ ಕ್ಲಬ್ಬಿನ ಅರ್ಧ ಸದಸ್ಯರ ಕಣ್ಣು ಕೆಟ್ಟಿತು.

ಜೇಬಿನ ಜೊತೆಗೆ ಅವನು ನಡವಳಿಕೆಯನ್ನೂ ಹೇಳಿಕೊಡುತ್ತಿದ್ದ. ಒಳಗೆ ಹೋದ ಮೇಲೆ ಯಾರನ್ನೂ ತಬ್ಬಿಕೊಳ್ಳಬಾರದು. ಬೂಟಿನ ದಾರ ಬಿಚ್ಚಿದರೆ ಬಿಚ್ಚಿರಲಿ, ಬಗ್ಗಬಾರದು. ಕ್ಲಬ್ಬಿನ ಸೋಡಾ ಒಂದನ್ನಾದರೂ ಕೊಳ್ಳಬೇಕು, ಏನೂ ಕೊಳ್ಳದವನ ಗ್ಲಾಸು ತಾನಾಗಿ ತುಂಬಿದರೆ ಚೆನ್ನಾಗಿರುವುದಿಲ್ಲ. ಪಕ್ಕದವರ ಗ್ಲಾಸು ತುಂಬಿದ್ದು ಹೇಗೆಂದು ಕೇಳಬಾರದು. ಖಾಲಿ ಬಾಟ್ಲಿಯನ್ನು ಹೂವಿನ ಕುಂಡದಲ್ಲಿ ಬಿಟ್ಟು ಬರುವವನು ಮನುಷ್ಯನೇ ಅಲ್ಲ. ತಾನು ಒಂದು ಹನಿ ಮುಟ್ಟದಿದ್ದರೂ ಟೈಲರ್ ಇದನ್ನೆಲ್ಲ ಬಹಳ ಶ್ರದ್ಧೆಯಿಂದ ಹೇಳುತ್ತಿದ್ದ, ಮತ್ತು ಯಾರ ಜೇಬಿನ ವಿಷಯವನ್ನೂ ಯಾರ ಮುಂದೂ ಆಡುತ್ತಿರಲಿಲ್ಲ. ಇಷ್ಟೆಲ್ಲ ಕನ್ನಡಕದ ಜೇಬುಗಳ ನಡುವೆ ನಿಜವಾಗಿ ಕಣ್ಣು ಮಂಜಾಗಿದ್ದವನು ಟೈಲರ್ ಒಬ್ಬನೇ. ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಮನೆಯೆಲ್ಲ ಹುಡುಕುವುದು ಅವನ ದಿನಚರಿ.

ಇನ್ನು ಮೂರನೆಯ ಸಾಲಿನ ವಿಷಯ. ಊರಿಗೆಲ್ಲ ಕೋಟು ಹೊಲಿದವನಿಗೆ ತನ್ನದೆಂಬ ಒಂದು ಕೋಟಿರಲಿಲ್ಲ.

"ರೀ, ಹಲ್ಲಿನ ಡಾಕ್ಟರದ್ದು ತೂಗ್ತಾ ಇದೆಯಲ್ಲ," ಎಂದಳು ಹೆಂಡತಿ. "ಗುಂಡಿ ಹಾಕೋಕೆ ಕೊಟ್ಟು ಮೂರು ವಾರ ಆಯ್ತು."

ಗಿರಾಕಿಯ ಬಟ್ಟೆ ಹಾಕಿಕೊಳ್ಳುವುದೆಂದರೆ ಅವನ ಕಸುಬಿನಲ್ಲಿ ಮಹಾಪಾಪ. ಆಗುವುದೇ ಇಲ್ಲ ಎಂದ. ಮೂರು ವಾರ ಬಾರದವರು ಇವತ್ತೇ ಬರುತ್ತಾರಾ ಎಂದು ಅವಳು ಕೇಳಿದಳು. ಅಂಗಡಿ ಉಳಿಯಬೇಕೋ ಪಾಪ ಉಳಿಯಬೇಕೋ ಎಂದೂ ಕೇಳಿದಳು. ಅವನು ಕೋಟು ತೊಟ್ಟ. ಡಾಕ್ಟರು ದಪ್ಪ ಆಳು, ಇವನು ಕಡ್ಡಿ. ಗೂಟಕ್ಕೆ ತೂಗುಹಾಕಿದಾಗ ಕೋಟು ಹೇಗಿತ್ತೋ ಈಗಲೂ ಹಾಗೇ ಕಾಣುತ್ತಿತ್ತು. ಗುಂಡಿ ಹಾಕಲು ಹೊತ್ತಿಲ್ಲದೆ ಒಂದು ಪಿನ್ನು ಚುಚ್ಚಿ, ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡು ಹೊರಟ.

ಕ್ಲಬ್ಬಿನ ಬಾಗಿಲಿಗೆ ಬಂದಾಗ ಅವನಿಗೊಂದು ಆಸೆ ಹುಟ್ಟಿತು. ತಾನೇ ಹೊಲಿದ ಕನ್ನಡಕದ ಜೇಬಿಗೆ ಒಂದು ಸಲವಾದರೂ ನಿಜವಾದ ಕನ್ನಡಕ ಇಡೋಣ ಎಂದು ಕೈ ಒಳಗೆ ತೂರಿಸಿದ. ಬೆರಳಿಗೆ ತಣ್ಣಗೆ ಗಾಜು ತಗಲಿತು. ಡಾಕ್ಟರು ಬಾಟ್ಲಿಯ ಸಮೇತ ಕೋಟು ಕೊಟ್ಟಿದ್ದರು. ಅವನ ಕೈಕೆಲಸ ಅದೆಷ್ಟು ಚೆನ್ನಾಗಿತ್ತೆಂದರೆ ಮೂರು ವಾರ ತನ್ನ ಅಂಗಡಿಯಲ್ಲೇ ತೂಗಿದ್ದರೂ ಅವನಿಗೇ ತಿಳಿದಿರಲಿಲ್ಲ. ಎದುರಿಗೆ ಆಳೆತ್ತರದ ಬೋರ್ಡು. ಬಾಗಿಲು ಕಾಯುವವನು ಸಲಾಮು ಹೊಡೆದು ನೋಡುತ್ತ ನಿಂತಿದ್ದ. ಟೈಲರ್ ಕನ್ನಡಕವನ್ನು ಮತ್ತೆ ಹಣೆಗೇರಿಸಿ ಒಳಗೆ ನಡೆದ.

ಕಾರ್ಯದರ್ಶಿ ಮೂವತ್ತು ವರ್ಷ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಈಗಲೂ ಯಾರನ್ನೇ ನೋಡಲಿ, ಟಿಕೆಟ್ಟಿಲ್ಲದೆ ಹತ್ತಿದವನನ್ನು ನೋಡುವಂತೆಯೇ ನೋಡುತ್ತಿದ್ದರು. ಟೈಲರನನ್ನು ಕಂಡದ್ದೇ ಮೊಣಕೈ ಹಿಡಿದು ಮೇಜಿನಿಂದ ಮೇಜಿಗೆ ಕರೆದುಕೊಂಡು ಹೋದರು. ಮಾಸ್ಟರು ನಮ್ಮ ಕರೆಗೆ ಓಗೊಟ್ಟು ಬಂದಿದ್ದಾರೆ, ಊಟಕ್ಕೆ ಮುಂಚೆ ಒಂದು ಮುಖ್ಯ ವಿಷಯ ಹೇಳುವುದಿದೆ ಎಂದು ಎಲ್ಲರಿಗೂ ಸಾರಿದರು. ಟೈಲರನ ಎದೆ ಉಬ್ಬಿತು. ಎಲ್ಲೆಲ್ಲೂ ತಾನೇ ಹೊಲಿದ ಕೋಟುಗಳು. ಭುಜ ಹೇಗೆ ಕೂತಿದೆ, ಎಡಗಡೆ ಉಬ್ಬು ಕಾಣುತ್ತದೆಯೇ ಎಂದು ಒಬ್ಬೊಬ್ಬರ ಎದೆಯನ್ನೂ ದಿಟ್ಟಿಸಿ ನೋಡಿ, ಎಲ್ಲೂ ಕಾಣದಿದ್ದಕ್ಕೆ ಖುಷಿಯಿಂದ ತಲೆಯಾಡಿಸುತ್ತ ಹೋದ.

ಆ ತಲೆಯಾಡಿಸುವುದನ್ನು ಕಂಡು ಸದಸ್ಯರು ಒಬ್ಬೊಬ್ಬರಾಗಿ ಎಡ ಎದೆಯ ಮೇಲೆ ಕೈಯಿಟ್ಟುಕೊಂಡರು. ಟಿಕೆಟ್ ತಪಾಸಣೆಯವರು ಜೇಬು ಹೊಲಿದವನನ್ನೇ ಹಿಡಿದು ತಂದಿದ್ದಾರೆ. ಇನ್ನು ಒಬ್ಬೊಬ್ಬರನ್ನೇ ನಿಲ್ಲಿಸಿ ತೋರಿಸುವುದೊಂದು ಬಾಕಿ.

ಕೈ ತೊಳೆಯಲು ಹೋದ ಟೈಲರನ ಹಿಂದೆಯೇ ಅವನ ಹಳೆಯ ಗಿರಾಕಿ ವಕೀಲರು ಬಂದರು. ಮಾರ್ಬಲ್ ನೆಲ ನೋಡುತ್ತ, "ಮಾಸ್ಟ್ರೆ, ನಮ್ಮದು ಎಷ್ಟು ವರ್ಷದ ಸ್ನೇಹ. ಇದು ನಿಮ್ಮ ಹತ್ರಾನೇ ಇರ್ಲಿ" ಎಂದು ಒಂದು ಚಪ್ಪಟೆ ಬಾಟ್ಲಿಯನ್ನು ಅವನ ಕೈಗಿಟ್ಟು ಮಾಯವಾದರು. ಏನು, ಯಾಕೆ ಎಂದು ಕೇಳುವಷ್ಟರಲ್ಲಿ ಕಂಟ್ರಾಕ್ಟರು ಬಂದರು. ಅವರು ಮಾತೂ ಆಡಲಿಲ್ಲ, ಕೋಟಿನ ಬಲ ಜೇಬಿಗೆ ನೇರವಾಗಿ ಇಳಿಸಿ ಹೋದರು. ಹಜಾರಕ್ಕೆ ಬಂದರೆ ಕಂಬದ ಹಿಂದೆ ಒಬ್ಬರು, ಪರದೆಯ ಪಕ್ಕ ಇಬ್ಬರು, ಬಿಲಿಯರ್ಡ್ಸ್ ಕೋಣೆಯ ಬಾಗಿಲಲ್ಲಿ ಒಬ್ಬರು. ಬೇಡ ಎಂದು ಜೋರಾಗಿ ಹೇಳುವ ಹಾಗಿರಲಿಲ್ಲ, ಹೇಳಿದರೆ ಗಿರಾಕಿಯ ಗುಟ್ಟು ರಟ್ಟು. ಹತ್ತು ನಿಮಿಷದಲ್ಲಿ ಅವನ ಮೈಮೇಲೆ ಏಳು ಬಾಟ್ಲಿಗಳಾದವು. ಒಂದು ಸಮಾಧಾನವೆಂದರೆ ಕೋಟು ಈಗ ಅವನ ಅಳತೆಗೇ ಹೊಲಿದ ಹಾಗೆ ತುಂಬಿಕೊಂಡು ಕೂತಿತ್ತು.

ಅಷ್ಟರಲ್ಲಿ ಹಲ್ಲಿನ ಡಾಕ್ಟರು ಬಂದರು. ಬೆಳಿಗ್ಗೆ ಕೋಟಿಗಾಗಿ ಅಂಗಡಿಗೆ ಹೋಗಿ, ಬೀಗ ನೋಡಿ, ಕೊನೆಗೆ ಆಸ್ಪತ್ರೆಯ ಬಿಳಿ ಕೋಟನ್ನೇ ಹಾಕಿಕೊಂಡು ಬಂದಿದ್ದರು. ತಮ್ಮ ಕೋಟು ಊಟದ ಹಜಾರದಲ್ಲಿ ತಾನಾಗಿ ಓಡಾಡುತ್ತಿರುವುದನ್ನು ಕಂಡು ಹತ್ತಿರ ಬಂದು ಪಿನ್ನನ್ನು ನೋಡಿದರು.

"ಗುಂಡಿ ಇನ್ನೂ ಹಾಕಿಲ್ವಲ್ರೀ."

ಟೈಲರನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ತಪ್ಪಾಯಿತು ಡಾಕ್ಟ್ರೆ, ಈಗಲೇ ಬಿಚ್ಚಿಕೊಡುತ್ತೇನೆ ಎಂದ. ಒಳಗೆ ತಮ್ಮದು ಹಾಗೇ ಇದೆಯೇ ಎಂದು ಡಾಕ್ಟರು ಪಿಸುಗುಟ್ಟಿದರು. ಇದೆ, ಜೊತೆಗೆ ಇನ್ನೂ ಆರಿವೆ ಎಂದ ಟೈಲರ್. ಡಾಕ್ಟರು ಎರಡು ಹೆಜ್ಜೆ ಹಿಂದೆ ಸರಿದು, ಆ ಕೋಟನ್ನು ತಾವು ಈ ಮೊದಲು ನೋಡಿಯೇ ಇಲ್ಲ ಎಂದುಬಿಟ್ಟರು.

ಊಟಕ್ಕೆ ಮುಂಚೆ, ಆ ವರ್ಷ ತೀರಿಕೊಂಡ ಸದಸ್ಯರಿಗಾಗಿ ಎರಡು ನಿಮಿಷ ಮೌನ. ಎಲ್ಲರೂ ಎದ್ದು ತಲೆ ತಗ್ಗಿಸಿದರು. ಫ್ಯಾನಿನ ಸದ್ದೂ ಬೇಡವೆಂದು ಯಾರೋ ಅದನ್ನೂ ಆರಿಸಿದರು. ಆ ಮೌನದಲ್ಲಿ ಟೈಲರ್ ಉಸಿರೆಳೆದ. ಕಿಣ್ ಎಂದಿತು. ಬಿಟ್ಟ. ಕಿಣಿಕಿಣಿ ಎಂದಿತು. ಫ್ಲಾನೆಲ್ ಇದ್ದದ್ದು ಒಂದೇ ಜೇಬಿಗೆ. ಉಸಿರು ಬಿಗಿ ಹಿಡಿಯಿರಿ ಎಂದು ಇಪ್ಪತ್ತೆರಡು ವರ್ಷ ಊರಿಗೆಲ್ಲ ಹೇಳಿದವನು ಈಗ ತಾನೇ ಬಿಗಿ ಹಿಡಿದ. ಎಷ್ಟು ಹೊತ್ತು ಹಿಡಿದಾನು? ಎರಡನೇ ನಿಮಿಷದಲ್ಲಿ ಒಮ್ಮೆಲೇ ಎದೆ ತುಂಬ ಗಾಳಿ ಎಳೆದುಕೊಂಡ. ಪಿನ್ನು ಹಾರಿತು, ಕೋಟು ತೆರೆದುಕೊಂಡಿತು, ವಕೀಲರ ಬಾಟ್ಲಿ ಜಾರಿ ಕಾರ್ಯದರ್ಶಿಯ ಬೂಟಿನವರೆಗೆ ಉರುಳಿಕೊಂಡು ಹೋಯಿತು.

ಕಾರ್ಯದರ್ಶಿ ಅದನ್ನು ಎತ್ತಿ ಬಿಳಿ ಮೇಜುಬಟ್ಟೆಯ ಮೇಲಿಟ್ಟರು. ಆಮೇಲೆ ಟೈಲರನ ಹತ್ತಿರ ಬಂದು ಉಳಿದವನ್ನು ಒಂದೊಂದಾಗಿ ತೆಗೆದು ಸಾಲಾಗಿ ಜೋಡಿಸಿದರು. ಏಳಕ್ಕೆ ಏಳೂ ಬೇರೆ ಬೇರೆ ಜಾತಿ. ವಕೀಲರು ನಿಂತ ಫ್ಯಾನನ್ನು ನೋಡುತ್ತಿದ್ದರು. ಕಂಟ್ರಾಕ್ಟರು ಗೋಡೆಯ ಬಿರುಕು ಪರೀಕ್ಷಿಸುತ್ತಿದ್ದರು.

"ಇವೆಲ್ಲ ನೀವು ಕುಡಿಯೋಕೆ ತಂದಿದ್ದಾ?"

"ನಾನು ಕುಡಿಯೋದಿಲ್ಲ ಸರ್."

"ಮತ್ತೆ ಯಾರದ್ದು?"

ಒಂದು ಬೆರಳು ಎತ್ತಿ ತೋರಿಸಿದ್ದರೆ ಟೈಲರ್ ಬಚಾವಾಗುತ್ತಿದ್ದ. ಬೆರಳು ಏಳಲಿಲ್ಲ. ಅವರೆಲ್ಲ ಅವನ ಕೈಗೆ ಮೈ ಕೊಟ್ಟು ನಿಂತವರು. "ಕೊಟ್ರು ಸರ್, ಇಟ್ಕೊಂಡೆ. ಯಾರು ಅಂತ ಮಾತ್ರ ಕೇಳ್ಬೇಡಿ," ಎಂದ. ಸಮವಸ್ತ್ರ ಹೋಯಿತು, ಅಂಗಡಿಯೂ ಹೋಯಿತು ಎಂದು ಅವನಿಗೆ ಖಾತ್ರಿಯಾಯಿತು. ಭಾಮೈದನ ಸ್ಟೂಲು ಕಣ್ಣ ಮುಂದೆ ಬಂದು ನಿಂತಿತು.

ಕಾರ್ಯದರ್ಶಿ ಬಾಟ್ಲಿಗಳನ್ನು ಎರಡು ಸಲ ಎಣಿಸಿದರು. ಅವರ ಕಣ್ಣಲ್ಲಿ ನೀರಾಡಿತು.

"ಮೂರು ವರ್ಷದಿಂದ ಬಾಗಿಲಲ್ಲಿ ಒಂದನ್ನೂ ಹಿಡಿಯೋಕಾಗಿರಲಿಲ್ಲ. ಇವರು ಬಂದ ಅರ್ಧ ಗಂಟೇಲಿ ಏಳು. ಜಗಳ ಇಲ್ಲ, ಕೂಗಾಟ ಇಲ್ಲ, ಯಾರ ಮಾನಾನೂ ಹೋಗಲಿಲ್ಲ," ಎಂದು ಸಭೆಯ ಕಡೆ ತಿರುಗಿದರು. ಕೋಟಿನ ಒಳಗೇನಿದೆ ಎಂದು ಹೊರಗಿನಿಂದಲೇ ಕಂಡುಹಿಡಿಯಬಲ್ಲವನು ಟೈಲರ್ ಒಬ್ಬನೇ ಎಂದು ತಮಗೆ ಮೊದಲೇ ಹೊಳೆದಿತ್ತೆಂದೂ, ಅದಕ್ಕೇ ಇವರನ್ನು ಕರೆಸಿದ್ದೆಂದೂ, ನಾಳೆಯಿಂದ ಬಾಗಿಲಿನ ತಪಾಸಣೆ ಇವರದೇ ಎಂದೂ ಸಾರಿದರು. ಆಮೇಲೆ ಟೈಲರನ ಹೆಗಲ ಮೇಲೆ ಕೈಯಿಟ್ಟರು. "ಬಾಗಿಲ ಹತ್ರ ಒಂದು ಸ್ಟೂಲ್ ಹಾಕಿಸ್ತೀನಿ ಮಾಸ್ಟ್ರೆ. ಬರೋರ ಕೋಟು ನೋಡ್ಕೊಂಡು ಕೂತಿದ್ರೆ ಆಯ್ತು."

ಟೈಲರ್ ಕೊರಳಿನ ಟೇಪು ಹಿಡಿದುಕೊಂಡು ಕೇಳಿದ. "ಸರ್, ಚೀಟೀಲಿ ಸಮವಸ್ತ್ರದ ವಿಚಾರ ಅಂತ ಬರೆದಿದ್ರಿ. ಎಷ್ಟು ಜನರದ್ದು?"

"ಒಬ್ಬರದ್ದೇ. ನಿಮ್ಮದು."

ಆಗುವುದಿಲ್ಲ ಎನ್ನಲು ಅವನು ಬಾಯಿ ತೆರೆದ. ಕಾರ್ಯದರ್ಶಿ ಮೃದುವಾಗಿ, ಒಲ್ಲೆ ಅನ್ನಬೇಡಿ, ಒಲ್ಲೆ ಅಂದರೆ ಈ ಏಳು ಬಾಟ್ಲಿಗೂ ರಿಜಿಸ್ಟರಿನಲ್ಲಿ ಯಾರ ಹೆಸರು ಬರೆಯಲಿ ಎಂದು ಕೇಳಿದರು. ಆ ಮಾತಿಗೆ ಸಭೆಯೆಲ್ಲ ಒಟ್ಟಿಗೆ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ವಕೀಲರು. ತೆರೆದ ಬಾಯಿಯನ್ನು ಟೈಲರ್ ಮುಚ್ಚಿಕೊಂಡ.

ಹೊರಡುವಾಗ ಅದೇ ವಕೀಲರು ಹತ್ತಿರ ಬಂದು, ಹೊಸ ಸೂಟು ಎದುರಿನ ರೆಡಿಮೇಡ್ ಅಂಗಡಿಯಲ್ಲೇ ಕೊಳ್ಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ ಎಂದರು. ಹೊಲಿದವನೇ ಬಾಗಿಲಲ್ಲಿ ಕೂತರೆ ಹೊಲಿಸಿ ಏನು ಸುಖ? ಕಂಟ್ರಾಕ್ಟರೂ ಅದನ್ನೇ ಹೇಳಿದರು. ಡಾಕ್ಟರು ಮಾತ್ರ ದೊಡ್ಡ ಮನಸ್ಸು ಮಾಡಿ, ಕೋಟು ನೀವೇ ಇಟ್ಟುಕೊಳ್ಳಿ ಎಂದರು.

ಸಂಜೆ ಹೊಸ ಸಮವಸ್ತ್ರಕ್ಕೆಂದು ಹೆಂಡತಿ ಟೇಪು ಹಿಡಿದು ಗಂಡನ ಅಳತೆ ತೆಗೆದಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವನು ಕೈ ಎತ್ತಿ ನಿಂತಿದ್ದ. ಸುದ್ದಿ ಕೇಳಿ ಓಡಿಬಂದಿದ್ದ ಭಾಮೈದ, "ಸ್ಟೂಲ್ ಮೇಲೇ ಕೂರೋದಾಗಿದ್ರೆ ನಮ್ಮ ಸ್ಟೂಲ್‌ಗೆ ಏನಾಗಿತ್ತು ಭಾವ?" ಎಂದು ನಿಜವಾಗಿಯೂ ನೊಂದುಕೊಂಡ.

ಹೆಂಡತಿ ಎದೆ, ಭುಜ, ತೋಳು ಎಲ್ಲ ಬರೆದುಕೊಂಡಳು. ಹಣೆಯ ಮೇಲಿದ್ದ ಕನ್ನಡಕವನ್ನು ತಾನೇ ತೆಗೆದು ಅವನ ಕೈಗೆ ಕೊಟ್ಟು ಕೇಳಿದಳು. "ಅಲ್ಲಿ ಕೂತು ಇದನ್ನ ಹುಡುಕ್ತಾ ಇರ್ತೀರಾ. ಎಡಗಡೆ ಒಳಗೆ ಕನ್ನಡಕಕ್ಕೊಂದು ಜೇಬು ಇಡ್ಲಾ?"

"ಬೇಡ," ಎಂದ ಟೈಲರ್. "ತಪಾಸಣೆಯವನ ಕೋಟಲ್ಲಿ ಜೇಬೇ ಇರಬಾರದಂತೆ."