ಎಂಜಿನ್ ಆರಿಸದೆ ಬಂದವರು

ಡ್ರೈವರುಗಳ ಮೈಕೈ ನೋಡಿ, ಇವರು ಬಂಡಿ ಓಡಿಸಬಹುದು ಎಂದು ಸಹಿ ಹಾಕಿಕೊಡುವ ಡಾಕ್ಟರಿಗೆ ನಗಿಸುವ ಪ್ರಸಂಗಗಳಿಗೆ ಬರವೇ ಇಲ್ಲ. ನಗುವುದಕ್ಕೆ ಪುರುಸೊತ್ತು ಮಾತ್ರ ಇರುವುದಿಲ್ಲ.

ಅರವತ್ತರ ದಶಕದಲ್ಲಿ ಬೋಡಿನಾಯಕನೂರಿನ ಬಸ್ ಸ್ಟ್ಯಾಂಡಿನ ಎದುರಿಗೇ ನನ್ನ ಕ್ಲಿನಿಕ್ಕು. ಬೆಟ್ಟ ಹತ್ತಿ ಕೇರಳದ ಎಸ್ಟೇಟುಗಳಿಗೆ ಹೋಗುವ ಜೀಪು, ಏಲಕ್ಕಿ ಮೂಟೆ ಹೊತ್ತು ಇಳಿಯುವ ಲಾರಿ, ತೇನಿಗೆ, ದಿಂಡಿಗಲ್ಲಿಗೆ ಹೊರಟ ಬಸ್ಸು, ಎಲ್ಲವೂ ನನ್ನ ಬಾಗಿಲಲ್ಲೇ ಹಾರನ್ ಹೊಡೆಯಬೇಕು. ಕಾಯಿಲೆಯವರಾದರೆ ಬಂದು ಬೆಂಚಿನ ಮೇಲೆ ಕೂರುತ್ತಾರೆ. ಡ್ರೈವರುಗಳು ಕೂರುವವರಲ್ಲ. ಎಂಜಿನ್ ಆರಿಸದೆ ಬಂಡಿಯನ್ನು ಬೀದಿಯಲ್ಲೇ ಗುರುಗುಟ್ಟಿಸುತ್ತ ಬಿಟ್ಟು ಒಳಗೆ ಬರುತ್ತಿದ್ದರು. ಆರಿಸಿದರೆ ಮತ್ತೆ ಹೊರಡಿಸಲು ಹಿಂದಿನಿಂದ ತಳ್ಳುವ ಜನ ಬೇಕು. ಒಂದು ಕಣ್ಣು ನನ್ನ ಮೇಲೆ, ಇನ್ನೊಂದು ಬಂಡಿಯ ಮೇಲೆ. ಅಂಥವರ ಕಣ್ಣನ್ನು ನಾನು ಪರೀಕ್ಷೆ ಮಾಡಬೇಕು.

ನಾನೂ ಕೂತಲ್ಲಿ ಕೂರುವ ಮನುಷ್ಯನಲ್ಲ. ಕಾಲಿಗೆ ಹುಟ್ಟುವಾಗಲೇ ಇರುವೆ ಹತ್ತಿದೆ ಎಂದು ನಮ್ಮವ್ವ ಹೇಳುತ್ತಿದ್ದಳು. ಅವರಿಗೂ ಅವಸರ, ನನಗೂ ಅವಸರ. ಮುಂದಿನದೆಲ್ಲ ಆದದ್ದು ಹಾಗೆ.

ಪಿಸುಮಾತು

ತೇವಾರಂ ಕಡೆಯ ಒಬ್ಬ ಲಾರಿ ಡ್ರೈವರ್ ಬಂದ. ನಮ್ಮವನೇ, ಮನೆಯಲ್ಲಿ ಕನ್ನಡ ಆಡುವವನು. ನಮ್ಮ ಕನ್ನಡ ಮೈಸೂರಿನವರಿಗೆ ತಮಿಳಿನಂತೆ ಕೇಳುತ್ತದೆ, ತಮಿಳರಿಗೆ ತೆಲುಗಿನಂತೆ. ಆದರೂ ಈ ತಮಿಳು ಕಣಿವೆಯಲ್ಲಿ ಆ ಮಾತು ಕಿವಿಗೆ ಬಿದ್ದರೆ ಇಬ್ಬರ ಮುಖವೂ ಅರಳುತ್ತದೆ. ಎಸ್ಟೇಟಿನಲ್ಲಿ ಹೊಸ ಕೆಲಸ ಸಿಕ್ಕಿದೆ, ಆದರೆ ಕಿವಿ ಸರಿಯಿದೆ ಎಂದು ಡಾಕ್ಟರು ಬರೆದುಕೊಡಬೇಕಂತೆ ಎಂದ. ಹಿಂದೆ ಲಾರಿಯ ಟೈರು ಕಿವಿಯ ಪಕ್ಕದಲ್ಲೇ ಸಿಡಿದಿತ್ತು, ಅವನ ಧಣಿಗೆ ಅದೇ ಅನುಮಾನ.

ಅವನನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿ, ನಾನು ಹಿಂದೆ ಬಾಗಿಲ ಹತ್ತಿರ ನಿಂತು ಮೆಲ್ಲಗೆ ಒಂದೊಂದು ಮಾತು ಹೇಳುತ್ತೇನೆ, ಕೇಳಿಸಿತು ಅಂತ ತೋರಿಸು ಎಂದೆ. ಕೇಳಿದ್ದನ್ನು ತಿರುಗಿ ಹೇಳು ಎಂದು ಬಿಡಿಸಿ ಹೇಳಬೇಕಿತ್ತು. ಹೊರಗೆ ಇನ್ನೊಂದು ಲಾರಿ ಹಾರನ್ ಬಾರಿಸುತ್ತಿತ್ತು, ಅಷ್ಟಕ್ಕೇ ಬಿಟ್ಟೆ.

"ನೀರು" ಎಂದು ಪಿಸುಗುಟ್ಟಿದೆ. ಎದ್ದು ಹೋಗಿ ಮೂಲೆಯ ಮಡಕೆಯಿಂದ ಒಂದು ಲೋಟ ನೀರು ತಂದು ನನ್ನ ಕೈಗೆ ಕೊಟ್ಟ. ಪಾಪ, ಒಳ್ಳೆಯವನು ಎಂದುಕೊಂಡು ಕುಡಿದೆ. "ಬಾಗಿಲು" ಎಂದೆ. ಎದ್ದು ಬಾಗಿಲು ಹಾಕಿ ಬಂದು ಮತ್ತೆ ಗೋಡೆ ನೋಡುತ್ತ ಕೂತ. ಇನ್ನು ಎದ್ದು ಹೋಗಿ ತರಲಾಗದ ಮಾತು ಯಾವುದು ಎಂದು ಯೋಚಿಸಿ "ಕತ್ತೆ" ಎಂದೆ.

ಅಲುಗಲಿಲ್ಲ. ಇನ್ನೊಂದು ಸಲ, ಸ್ವಲ್ಪ ಗಟ್ಟಿಯಾಗಿ ಹೇಳಿದೆ. ತಲೆ ತಗ್ಗಿಸಿದನೇ ಹೊರತು ಉಸಿರೆತ್ತಲಿಲ್ಲ. ನನಗೆ ಬೇಸರವಾಯಿತು. ಕೆಲಸ ಹೋಯಿತಲ್ಲ ಇವನದು ಎಂದು ಹತ್ತಿರ ಹೋಗಿ, ಈಗ ಹೇಳಿದ್ದು ಕೇಳಿಸಲಿಲ್ಲವೇ ತಮ್ಮಾ ಎಂದು ಕೇಳಿದೆ.

"ಕೇಳಿಸ್ತಣ್ಣ," ಎಂದ. "ದೊಡ್ಡೋರು ಬೈದಾಗ ಎದುರು ಮಾತಾಡಬಾರದು ಅಂತ ಸುಮ್ನಿದ್ದೆ."

ಎದುರುಗಡೆಯ ಬೋರ್ಡು

ಒಂದು ವರ್ಷ ಪಡುವಲಿಂದ ಬೀಸುವ ಮೇಲ್ಗಾಳಿಯ ಕಾಲದಲ್ಲಿ ಕಣ್ಣು ನೋಡುವ ಅಕ್ಷರದ ಪಟ ಗಾಳಿಗೆ ಹಾರಿ ಯಾವುದೋ ಜೀಪಿನ ಜೊತೆ ಬೆಟ್ಟ ಹತ್ತಿಬಿಟ್ಟಿತು. ಮಧುರೆಯಿಂದ ಹೊಸದು ಬರುವ ತನಕ ನಾನು ಬೀದಿಯಾಚೆಗಿನ ಕಾಫಿ ಹೋಟೆಲಿನ ಬೋರ್ಡನ್ನೇ ಬಳಸಿಕೊಂಡೆ. ಅಂದಂದಿನ ತಿಂಡಿಯನ್ನು ಸೀಮೆಸುಣ್ಣದಲ್ಲಿ ಬರೆದಿರುತ್ತಿದ್ದರು. ಮೇಲೆ ದಪ್ಪಕ್ಷರ, ಜಾಗ ಸಾಲದೆ ಕೆಳಕ್ಕೆ ಬರುತ್ತ ಸಣ್ಣಕ್ಷರ. ದೇವರೇ ಮಾಡಿಸಿದ ಹಾಗಿತ್ತು. ತೊಂದರೆ ಒಂದೇ. ಕೊನೆಯ ಸಾಲು ಚೆನ್ನಾಗಿ ಕಂಡವರು ಪರೀಕ್ಷೆ ಅರ್ಧಕ್ಕೇ ಬಿಟ್ಟು ಅತ್ತ ಓಡುತ್ತಿದ್ದರು.

ದಿಂಡಿಗಲ್ಲಿನ ಒಬ್ಬ ವಯಸ್ಸಾದ ಲಾರಿ ಡ್ರೈವರನ್ನು ಬಾಗಿಲಲ್ಲಿ ನಿಲ್ಲಿಸಿ ಓದಲು ಹೇಳಿದೆ. ಅವರು ಅತ್ತಲೇ ನೋಡುತ್ತ ನಿಂತರು. ಮೊದಲ ಸಾಲೂ ಕಾಣುವುದಿಲ್ಲವೇ ಎಂದು ಕೇಳಿದೆ. ತಮಗೆ ಅಕ್ಷರ ಬರುವುದಿಲ್ಲ ಎಂದರು. ಹಾಗಿದ್ದರೆ ಅಲ್ಲಿ ಏನು ಕಾಣುತ್ತದೋ ಅದನ್ನೇ ಹೇಳಿ ಎಂದೆ.

"ಬೋರ್ಡಿನ ಕೆಳಗೆ ಕೂತೋನ ಎಲೇಲಿ ಪೊಂಗಲ್ ಇದೆ. ಮೊದಲ ತುತ್ತಿಗೇ ಮೆಣಸು ಕಚ್ಚಿದಾನೆ. ನೀರು ಕೇಳ್ತಿದಾನೆ, ಕೊಡೋರಿಲ್ಲ."

ನಾನು ಸಹಿ ಹಾಕಿದೆ. ಅವರು ನೇರ ಹೋಟೆಲಿಗೆ ಹೋಗಿ ಅವನಿಗೆ ನೀರು ಕೊಟ್ಟರು.

ಕೊಂಬಿನ ಬಣ್ಣ

ಕೆಂಪು ಯಾವುದು, ಹಸಿರು ಯಾವುದು ಎಂದು ಡ್ರೈವರಿಗೆ ಗೊತ್ತಾಗುತ್ತದೆಯೇ ಎಂದು ನೋಡಲು ನನ್ನ ಹತ್ತಿರ ಬಣ್ಣಬಣ್ಣದ ಉಣ್ಣೆ ನೂಲಿನ ಸಣ್ಣ ಸಣ್ಣ ಉಂಡೆಗಳಿದ್ದವು. ಮದ್ರಾಸಿನಲ್ಲಿ ಓದುವಾಗ ಹುಡುಕಿ ತಂದದ್ದು. ಮೇಜಿನ ಮೇಲೆ ಹರಡಿ, ಹಸಿರನ್ನೆಲ್ಲ ಆರಿಸು ಎನ್ನುತ್ತಿದ್ದೆ. ಕಣಿವೆಯಲ್ಲಿ ಹುಡುಕಿದರೂ ಒಂದು ಸಿಗ್ನಲ್ ದೀಪ ಇರಲಿಲ್ಲ ಅನ್ನುವುದು ಬೇರೆ ಮಾತು.

ದನಗಳನ್ನು ಸಿಂಗರಿಸುವ ಮಾಟ್ಟು ಪೊಂಗಲ್ ದಿನ ಕ್ಲಿನಿಕ್ಕಿಗೆ ರಜ. ಆದರೂ ಒಬ್ಬ ಡ್ರೈವರ್ ಓಡುತ್ತ ಬಂದ. ಚಿನ್ನಮನೂರಿನ ಧಣಿ ಹೊಸ ಲಾರಿ ತಂದಿದ್ದಾರೆ, ಇವತ್ತೇ ಒಳ್ಳೆಯ ದಿನ ಎಂದು ಪೂಜೆ ಮಾಡಿಸಿದ್ದಾರೆ, ಸಹಿಯಿಲ್ಲದೆ ಹೋದರೆ ಕೀಲಿಕೈ ಇನ್ನೊಬ್ಬನ ಪಾಲಾಗುತ್ತದೆ ಎಂದ. ಅವನು ನಿಂತಲ್ಲೇ ಹೆಜ್ಜೆ ಬದಲಿಸುತ್ತಿದ್ದುದನ್ನು ನೋಡಿ ನನ್ನ ಕಾಲೂ ಕುಣಿಯತೊಡಗಿತು. ಎದೆ ನೋಡಿದೆ, ಕಣ್ಣು ನೋಡಿದೆ, ನೂಲಿಗೆಂದು ಡ್ರಾಯರ್ ಎಳೆದೆ. ಖಾಲಿ.

ಮನೆ ಕ್ಲಿನಿಕ್ಕಿನ ಹಿಂದೆಯೇ. ಅವ್ವನನ್ನು ಕೇಳಿದೆ. "ಸುಮ್ನೆ ಬಿದ್ದಿತ್ತಲ್ಲಪ್ಪಾ, ಒಂದು ಕುಲಾವಿಗೂ ಸಾಲದು. ನಮ್ಮ ಹೋರಿಗೆ ಕಟ್ಟಿದೀನಿ, ಎಷ್ಟು ಲಕ್ಷಣವಾಗಿದೆ ಹೋಗಿ ನೋಡು," ಎಂದಳು.

ಊರಿಂದ ತಂದು ಅವ್ವ ಹಿತ್ತಿಲಲ್ಲಿ ಸಾಕಿದ್ದ ಹೋರಿ ಅದು. ಎರಡು ಕೊಂಬಿಗೂ ನನ್ನ ನೂಲು ಸುತ್ತಿಸಿಕೊಂಡು, ಬೀದಿಯ ತಮಟೆ ಸದ್ದಿಗೆ ಮೂಗು ಅರಳಿಸಿ ನಿಂತಿತ್ತು. ಬಿಚ್ಚಲು ಹೋದರೆ ಅವ್ವ ಬಿಡುವುದಿಲ್ಲ, ಹೋರಿಯೂ ಬಿಡುವುದಿಲ್ಲ. ಸರಿ, ಡ್ರೈವರನ್ನು ಹಿತ್ತಿಲಿಗೇ ಕರೆದು, ಕೆಂಪು ಎಲ್ಲಿದೆ ಹಸಿರು ಎಲ್ಲಿದೆ ಅಲ್ಲಿಂದಲೇ ಹೇಳು ಎಂದೆ.

ಎಡಕೊಂಬಿನ ತುದಿಯಲ್ಲಿ ಕೆಂಪು ಎಂದ. ಹೋರಿ ತಲೆ ತಿರುಗಿಸಿತು. ಈಗ ಬಲಕ್ಕೆ ಬಂತು ಎಂದ. ಹಸಿರು ಎಲ್ಲಿ ಎಂದು ಕೇಳಿದೆ. ಅದು ಕೊಂಬಿನ ಬುಡದಲ್ಲಿತ್ತು. ಅವನು ನೋಡಲು ಒಂದು ಹೆಜ್ಜೆ ಮುಂದೆ ಬಗ್ಗಿದ. ಹೊರಗೆ ಯಾರೋ ಪಟಾಕಿ ಹೊಡೆದರು. ಹಗ್ಗ ಹರಿದದ್ದು ಗೊತ್ತಾಯಿತು, ಆಮೇಲೆ ಹಿತ್ತಿಲಲ್ಲಿ ನಾನೊಬ್ಬನೇ ಇದ್ದೆ, ಅದೂ ಸೀಬೆಮರದ ಮೇಲೆ.

ಡ್ರೈವರ್ ಗೋಡೆ ಹಾರಿದ್ದ. ಆಚೆಯಿಂದ ಅವನ ದನಿ ಮಾತ್ರ ಬಂತು.

"ಡಾಕ್ಟರಯ್ಯಾ, ತಾಗಿದ್ದು ಕೆಂಪು. ಹಸಿರು ಬರೋ ತನಕ ಕಾಯೋಕ್ಕಾಗಲಿಲ್ಲ."

ಚಾಪೆಯ ಮೇಲಿನ ತಿರುವು

ಒಂದು ಬೆಳಿಗ್ಗೆ ಹೆಂಗಸೊಬ್ಬಳು ಬಂದು, ಕೂರಿ ಎಂದರೂ ಕೂರದೆ, ಸೆರಗಿನ ತುದಿ ತಿರುಚುತ್ತ ನಿಂತಳು. ಅವಳ ಗಂಡ ಎಸ್ಟೇಟಿಗೆ ಆಳುಗಳನ್ನು ತುಂಬಿಕೊಂಡು ಹೋಗುವ ಜೀಪಿನ ಡ್ರೈವರ್, ನಾಳೆ ನನ್ನ ಹತ್ತಿರ ಪರೀಕ್ಷೆಗೆ ಬರುವವನು. ಅವನನ್ನು ಫೇಲು ಮಾಡಬೇಕೆಂದು ಬೇಡಿಕೊಂಡಳು. ಹೋದ ಮಳೆಗಾಲದಲ್ಲಿ ಇವನ ಕಣ್ಣೆದುರೇ ಮುಂದಿನ ಜೀಪು ತಿರುವಿನಲ್ಲಿ ಉರುಳಿತ್ತು. ಅಂದಿನಿಂದ ಹಗಲು ಬಂಡಿ ಬೆಟ್ಟದಲ್ಲಿ ಓಡಿದರೆ, ಮಲಗಿದ ಮೇಲೆ ಚಾಪೆಯಲ್ಲಿ ಓಡುತ್ತದೆ ಎಂದಳು. ಅವಳ ಜಡೆ ಗೇರು, ಕಿವಿ ಹಾರನ್ನು. ಪ್ರತಿ ತಿರುವಿಗೂ ಇವಳ ಕಡೆಗೇ ಉರುಳುತ್ತಾನೆ.

ನನಗೆ ನಗು ಬರಲಿಲ್ಲ. ಮಾರನೆಯ ದಿನ ಅವನು ಬಂದ. ಮೈಯಲ್ಲಿ ಒಂದು ದೋಷವಿರಲಿಲ್ಲ. ಆದರೆ ಬೆಟ್ಟದ ಮಾತೆತ್ತಿದಾಗ ಅಂಗೈ ಬೆವೆತಿತು. ಹೆದರಿಕೆಯೇ ಎಂದು ಕೇಳಿದೆ. ಡ್ರೈವರಿಗೆ ಯಾರೂ ಕೇಳದ ಪ್ರಶ್ನೆ ಅದು. ಬೀದಿಯ ಜೀಪಿನ ಕಡೆ ನೋಡಿ ಹೌದು ಎಂದ. ಸಹಿ ಹಾಕಿದೆ, ಹಾಕಿ ನಾನೇ ಅವನನ್ನು ಕರೆದುಕೊಂಡು ಬೀದಿ ದಾಟಿ ಒಬ್ಬ ಬಸ್ ಮಾಲೀಕರ ಹತ್ತಿರ ಹೋದೆ. ನಮ್ಮೂರು ಬೋಡಿಯಿಂದ ತೇನಿಗೆ, ತೇನಿಯಿಂದ ಬೋಡಿಗೆ, ಬಯಲಲ್ಲಿ ಓಡುವ ಟೌನ್ ಬಸ್ಸಿನ ಕೆಲಸ ಸಿಕ್ಕಿತು.

ಒಂದಷ್ಟು ಕಾಲದ ಮೇಲೆ ಆ ಹೆಂಗಸು ಮತ್ತೆ ಬಂದಳು. ಈಗ ನಿದ್ದೆ ಹೇಗೆ ಎಂದು ನಾನು ಹೆಮ್ಮೆಯಿಂದಲೇ ಕೇಳಿದೆ.

"ತಿರುವೆಲ್ಲ ಹೋಯ್ತು ಡಾಕ್ಟರಯ್ಯಾ," ಎಂದಳು. "ಈಗ ಗಳಿಗೆಗೊಂದು ಸಲ ನಿಲ್ಲಿಸಿ, ಇಳೀರಿ ಇಳೀರಿ ಅಂತ ನನ್ನ ಚಾಪೆಯಿಂದ ಇಳಿಸ್ತಾರೆ."

ಕೂತರೆ ಮಾತ್ರ ಶಾಂತಿ

ನಮ್ಮೂರಿನ ಬಸ್ ಡ್ರೈವರುಗಳಲ್ಲೆಲ್ಲ ಹಿರಿಯರು ಒಬ್ಬರಿದ್ದರು. ಬಸ್ಸನ್ನು ಹಸುಗೂಸು ಎತ್ತಿಕೊಂಡ ಹಾಗೆ ಒಯ್ಯುವರು ಎಂದು ಜನ ಹೇಳುತ್ತಿದ್ದರು. ಅವರು ನನ್ನ ಹತ್ತಿರ ಬಂದಾಗಲೆಲ್ಲ ರಕ್ತದೊತ್ತಡ ಏರಿರುತ್ತಿತ್ತು. ಎಷ್ಟು ಸಲ ನೋಡಿದರೂ ಅಷ್ಟೇ. ಇನ್ನು ಸಹಿ ಹಾಕಲಾರೆ ಎಂದು ಕೊನೆಗೆ ಹೇಳಿಯೇಬಿಟ್ಟೆ. ಅವರಿಗೆ ಬೇರೆ ಕೆಲಸ ಗೊತ್ತಿರಲಿಲ್ಲ.

"ನಿಮ್ಮ ಕುರ್ಚಿ ಕಂಡ್ರೆ ನನಗೆ ಎದೆ ಹೊಡ್ಕೊಳ್ಳುತ್ತೆ ಅಣ್ಣ," ಎಂದರು. "ಸ್ಟಿಯರಿಂಗ್ ಹಿಡಿದು ಕೂತಾಗ ನೋಡಿ. ಆಮೇಲೆ ಬೇಡ ಅಂದ್ರೆ ಬಿಟ್ಟುಬಿಡ್ತೀನಿ."

ನ್ಯಾಯವಾದ ಮಾತು. ಸಾಮಾನು ಹಿಡಿದು ಅವರ ಹಿಂದೆ ಬಸ್ ಸ್ಟ್ಯಾಂಡಿಗೆ ಹೋದೆ. ಅವರು ಸೀಟಿನಲ್ಲಿ ಕೂತರು. ಪಕ್ಕದ ಬಾನೆಟ್ಟಿನ ಮೇಲೆ ಒತ್ತಡ ಅಳೆಯುವ ಪಾದರಸದ ಪೆಟ್ಟಿಗೆ ಇಟ್ಟು, ನಾನು ಮಂಡಿಯೂರಿ ಅವರ ಎಡತೋಳಿಗೆ ಪಟ್ಟಿ ಸುತ್ತಿದೆ. ಎಂಜಿನ್ ಹತ್ತಿಸದೆ ಮನಸ್ಸು ನಿಲ್ಲುವುದಿಲ್ಲ ಎಂದರು. ಹತ್ತಿಸಿ ಎಂದೆ. ಸ್ಟೆತಸ್ಕೋಪು ಕಿವಿಗೆ ಹಾಕಿಕೊಂಡ ಮೇಲೆ ನನಗೆ ಲೋಕದ ಬೇರೆ ಸದ್ದು ಇಲ್ಲ. ಆ ಗಡಗಡದ ನಡುವೆಯೂ ಅವರ ನಾಡಿ ದೇವಸ್ಥಾನದ ಗಂಟೆಯಂತೆ ನಿಧಾನವಾಗಿ ಕೇಳಿತು. ಒತ್ತಡ ಎಳೆಯ ಹುಡುಗನದು. ನಂಬಲಾರದೆ ಮತ್ತೊಮ್ಮೆ ನೋಡಿದೆ.

ಅಷ್ಟರಲ್ಲಿ, ಡ್ರೈವರ್ ಸೀಟಿನಲ್ಲಿದ್ದಾರೆ, ಎಂಜಿನ್ ಓಡುತ್ತಿದೆ ಎಂದು ಜನ ಹತ್ತಿದ್ದರು. ಬಸ್ಸು ತುಂಬಿತೆಂದು ಕಂಡಕ್ಟರ್ ವಿಸಿಲ್ ಊದಿದ. ವಿಸಿಲ್ ಕೇಳಿದರೆ ಇವರ ಕೈ ಇವರನ್ನು ಕೇಳದೆ ಗೇರು ಹಾಕುತ್ತದೆ. ಪಾದರಸ ಮೇಲಕ್ಕೂ ಕೆಳಕ್ಕೂ ಕುಣಿಯಿತು. ನಾನು ತಲೆ ಎತ್ತಿದಾಗ ಊರು ಹಿಂದೆ ಹೋಗುತ್ತಿತ್ತು.

ನಿಲ್ಲಿಸಿ ಎಂದೆ. ಅವರು ಕನ್ನಡಿಯಲ್ಲಿ ನೋಡಿ, ಹಿಂದೆ ಇನ್ನೊಂದು ಕಂಪನಿಯ ಬಸ್ಸು ಅಂಟಿಕೊಂಡೇ ಬರುತ್ತಿದೆ, ನಿಲ್ಲಿಸಿದರೆ ಮುಂದಿನ ಊರಿನ ಜನರನ್ನೆಲ್ಲ ಅದು ಹೊತ್ತುಕೊಂಡು ಹೋಗುತ್ತದೆ, ತೇನಿಯಲ್ಲಿ ಇಳಿಸುತ್ತೇನೆ ಎಂದರು. ಪಟ್ಟಿಯನ್ನಾದರೂ ಬಿಚ್ಚೋಣವೆಂದರೆ ಆ ಕೈ ಗೇರು ಬಿಟ್ಟರೆ ತಾನೆ. ಅವರು ಗೇರು ಬದಲಿಸಿದಾಗಲೆಲ್ಲ ನನ್ನನ್ನು ಎಳೆದುಕೊಂಡರು. ಪೆಟ್ಟಿಗೆ ಬೀಳದಂತೆ ನಾನು ತಬ್ಬಿ ಹಿಡಿದುಕೊಂಡೆ.

ಜನರಿಗೆ ಕಂಡದ್ದೇ ಬೇರೆ. ಡ್ರೈವರಿಗೆ ಪ್ರಾಣಾಪಾಯ, ಡಾಕ್ಟರು ಮಂಡಿಯೂರಿ ಗಾಳಿ ಒತ್ತಿ ಜೀವ ಹಿಡಿದಿದ್ದಾರೆ. ಮಾರ್ಕಯನ್‌ಕೋಟ್ಟೈನ ಒಬ್ಬ ಅಜ್ಜಿ, ಒತ್ತೋದು ನಿಲ್ಲಿಸಬೇಡಪ್ಪಾ ಎಂದು ನನ್ನ ಬೆನ್ನು ಸವರುತ್ತಲೇ ಇದ್ದಳು. ದಾರಿಯಲ್ಲಿ ಬಸ್ಸು ನಿಧಾನವಾದಾಗ ಹಾರಿ ಇಳಿದ ಯಜಮಾನರೊಬ್ಬರು ಹತ್ತಿಗಿರಣಿಗೆ ಓಡಿ ತೇನಿಯ ಆಸ್ಪತ್ರೆಗೆ ಫೋನು ಮಾಡಿಬಿಟ್ಟರು.

ತೇನಿ ಬಂತು. ಡ್ರೈವರ್ ಎಂಜಿನ್ ಆರಿಸಿ, ಪಟ್ಟಿ ಬಿಚ್ಚಿ ನನ್ನ ಕೈಗೆ ಕೊಟ್ಟು, ಎಂದಿನಂತೆ ಚಹಾಕ್ಕೆ ಇಳಿದರು. ಮುಂದೆ ಮಧುರೆಯ ದೊಡ್ಡ ಡಾಕ್ಟರುಗಳೂ ನೋಡಿ, ಈ ಮನುಷ್ಯನಿಗೆ ಡಾಕ್ಟರುಗಳ ಭಯ ಬಿಟ್ಟರೆ ಬೇರೇನೂ ಕಾಯಿಲೆಯಿಲ್ಲ ಎಂದರು. ವಯಸ್ಸಾಗಿ ತಾವೇ ಬಿಡುವ ತನಕ ಅವರು ಬಸ್ಸು ಓಡಿಸಿದರು. ಆದರೆ ಅವತ್ತು ತೇನಿಯಲ್ಲಿ ನಾನು ಮಂಡಿಯ ಮೇಲಿಂದ ಎದ್ದು ಕೂರಲು ಜಾಗ ನೋಡಿದೆ. ತಲೆಕೂದಲು ಕೆದರಿ, ಅಂಗಿ ಬೆವರಲ್ಲಿ ಒದ್ದೆಯಾಗಿ, ಎದುರಿಗಿದ್ದ ಡ್ರೈವರ್ ಸೀಟಿನಲ್ಲೇ ಕುಸಿದು ಕೂತೆ.

ಫೋನು ಕೇಳಿ ಓಡಿ ಬಂದವನು ತೇನಿಗೆ ಹೊಸದಾಗಿ ಬಂದ ಹರೆಯದ ಡಾಕ್ಟರ್. ನನ್ನನ್ನು ಕಂಡವನಲ್ಲ. ಬಂದವನೇ ಪಟ್ಟಿಯನ್ನು ನನ್ನ ತೋಳಿಗೆ ಸುತ್ತಿದ. ನಾನಲ್ಲ ಎನ್ನಲು ಬಾಯಿ ತೆರೆದೆ. ಅದರೊಳಗೆ ಥರ್ಮಾಮೀಟರ್ ಇಟ್ಟುಬಿಟ್ಟ. ಗಾಳಿ ಒತ್ತಿದ, ಪಾದರಸ ನೋಡಿದ, ಅವನ ಮುಖವೇ ಕಪ್ಪಿಟ್ಟಿತು.

"ಇಷ್ಟು ಪ್ರೆಶರ್ ಇಟ್ಕೊಂಡು ಬಸ್ ಓಡಿಸ್ತೀರಾ? ನಿಮಗೆ ಸಹಿ ಹಾಕಿದ ಡಾಕ್ಟರ್ ಯಾರು ಹೇಳಿ, ಅವನನ್ನ ನಾನು ಸುಮ್ನೆ ಬಿಡೋನಲ್ಲ."

ಕಿಟಕಿಯಾಚೆ ಡ್ರೈವರ್ ಚಹಾದ ಲೋಟ ಹಿಡಿದು ನಿಂತಿದ್ದರು. ಬಹಳ ಶಾಂತವಾಗಿ ಹೇಳಿದರು:

"ಅವರನ್ನ ಏನೂ ಅನ್ನಬೇಡಿ ಸಾರ್. ಪಾಪ, ಒಳ್ಳೇ ಡಾಕ್ಟರು, ಡ್ರೈವಿಂಗ್ ಬರಲ್ಲ ಅಷ್ಟೇ."